ವಿದ್ಯುತ್ಕಾಂತೀಯ ಕ್ಷೇತ್ರಗಳ ಅತಿಸಂವೇದನೆ: ವಿಶ್ವಾಸಾರ್ಹ ಮಾಹಿತಿ ಪಡೆಯುವ ವಿಧಾನ (ನವಲಗುಂದ ತಾಲ್ಲೂಕಿನ ನಾಗರಿಕರ ತಿಳಿವಳಿಕೆಗಾಗಿ)

1. ಪೀಠಿಕೆ

ನವಲಗುಂದ ಹಾಗೂ ಸುತ್ತಲಿನ ಎರೆ ಸೀಮೆಯ ಬಯಲಿನಲ್ಲಿ ಮೊಬೈಲ್ ಟವರ್‌ಗಳು ಬಹು ದೂರದಿಂದಲೇ ಕಾಣಸಿಗುತ್ತವೆ. ಮನೆಯ ಸಮೀಪ ಟವರ್ ಸ್ಥಾಪನೆಯಾದ ನಂತರ ತಲೆನೋವು, ನಿದ್ರಾಹೀನತೆ, ತಲೆಸುತ್ತು, ಎದೆಬಡಿತ, ಚರ್ಮದ ಉರಿ ಮುಂತಾದ ತೊಂದರೆಗಳು ಆರಂಭವಾದವೆಂದು ಭಾವಿಸುವ ನಾಗರಿಕರು ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕು, ಯಾರ ಮಾತನ್ನು ನಂಬಬೇಕು ಎಂದು ವಿಚಾರಿಸುವುದು ಸಾಮಾನ್ಯವಾಗಿದೆ. ಅಂತಹವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಇಂತಹ ಅರ್ಜಿಗಳಲ್ಲಿ ಸಾಮಾನ್ಯವಾಗಿ ಮೂರು ಪ್ರತ್ಯೇಕ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ.

(ಅ) ನನ್ನ ಅನಾರೋಗ್ಯಕ್ಕೆ ಕಾರಣವೇನು?
(ಆ) ಟವರ್‌ನಿಂದ ಹೊರಡುವ ರೇಡಿಯೋ ತರಂಗಗಳ ಪ್ರಮಾಣವು ನಿಗದಿತ ಮಿತಿಯೊಳಗಿದೆಯೇ?
(ಇ) ಟವರ್ ಸ್ಥಾಪನೆಗೆ ಅನುಮತಿ ಪಡೆಯಲಾಗಿದೆಯೇ?

ಮೊದಲನೆಯ ಪ್ರಶ್ನೆಗೆ ವೈದ್ಯರು, ಎರಡನೆಯದಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆ, ಮೂರನೆಯದಕ್ಕೆ ಸ್ಥಳೀಯ ಸಂಸ್ಥೆ ಉತ್ತರಿಸಬೇಕಾಗುತ್ತದೆ. ಒಂದರ ಉತ್ತರ ಮತ್ತೊಂದಕ್ಕೆ ಉತ್ತರವಾಗುವುದಿಲ್ಲ. ಟವರ್‌ಗೆ ಅನುಮತಿ ಇದ್ದ ಮಾತ್ರಕ್ಕೆ ತರಂಗಗಳ ಪ್ರಮಾಣವನ್ನು ಅಳೆದಂತಾಗುವುದಿಲ್ಲ. ಪ್ರಮಾಣ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಅರ್ಜಿದಾರರ ತಲೆನೋವು ಸುಳ್ಳಾಗುವುದಿಲ್ಲ. ಅಂತೆಯೇ ತಲೆನೋವು ನಿಜವೆಂಬ ಕಾರಣಕ್ಕೆ ಅದರ ಮೂಲ ಟವರ್ ಎಂದು ಸಿದ್ಧವಾಗುವುದೂ ಇಲ್ಲ. ಆದುದರಿಂದ ಮೂರನ್ನೂ ಬೇರೆ ಬೇರೆಯಾಗಿ, ಸಂಬಂಧಪಟ್ಟವರಲ್ಲಿಯೇ ವಿಚಾರಿಸತಕ್ಕದ್ದು.

2. ಅತಿಸಂವೇದನೆ ಎಂದರೇನು?

ವಿದ್ಯುತ್ ತಂತಿ, ಗೃಹೋಪಯೋಗಿ ಉಪಕರಣ, ಮೊಬೈಲ್ ದೂರವಾಣಿ, ಟವರ್ ಮುಂತಾದವುಗಳ ಸಮೀಪದಲ್ಲಿ ತಮಗೆ ದೈಹಿಕ ತೊಂದರೆಯಾಗುತ್ತದೆ ಎಂದು ಕೆಲವರು ಹೇಳುವ ಸ್ಥಿತಿಯನ್ನು ವಿದ್ಯುತ್ಕಾಂತೀಯ ಅತಿಸಂವೇದನೆ ಎಂದು ಕರೆಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಈ ವಿಷಯದ ಬಗ್ಗೆ 2004ರ ಅಕ್ಟೋಬರ್‌ನಲ್ಲಿ ಪ್ರಾಗ್ ನಗರದಲ್ಲಿ ತಜ್ಞರ ಸಭೆ ನಡೆಸಿ, 2005ರ ಡಿಸೆಂಬರ್‌ನಲ್ಲಿ ಮಾಹಿತಿ ಪತ್ರವನ್ನು ಪ್ರಕಟಿಸಿತು. ಅದರ ಸಾರಾಂಶ ಈ ಕೆಳಗಿನಂತಿದೆ.

- ಜನರು ಅನುಭವಿಸುವ ತೊಂದರೆಗಳು ನಿಜವಾದವು. ಕೆಲವರಲ್ಲಿ ಅವು ದೈನಂದಿನ ಕೆಲಸಕ್ಕೆ ಅಡ್ಡಿಯಾಗುವಷ್ಟು ತೀವ್ರವಾಗಿರುತ್ತವೆ.
- ಈ ಸ್ಥಿತಿಯನ್ನು ಗುರುತಿಸಲು ಸ್ಪಷ್ಟವಾದ ವೈದ್ಯಕೀಯ ಮಾನದಂಡಗಳಿಲ್ಲ. ಇದು ವೈದ್ಯಕೀಯ ರೋಗನಿರ್ಣಯವಲ್ಲ.
- ಈ ತೊಂದರೆಗಳಿಗೂ ವಿದ್ಯುತ್ಕಾಂತೀಯ ಕ್ಷೇತ್ರಗಳಿಗೂ ಸಂಬಂಧ ಕಲ್ಪಿಸಲು ವೈಜ್ಞಾನಿಕ ಆಧಾರ ದೊರೆತಿಲ್ಲ.

ಸದರಿ ಮೂರು ಅಂಶಗಳನ್ನು ಒಟ್ಟಾಗಿ ಓದಿಕೊಳ್ಳುವುದು ಅವಶ್ಯ. ಮೊದಲನೆಯದನ್ನು ಮಾತ್ರ ಓದಿದವರು ಟವರ್‌ನಿಂದಲೇ ರೋಗವೆಂದು ತೀರ್ಮಾನಿಸುತ್ತಾರೆ. ಮೂರನೆಯದನ್ನು ಮಾತ್ರ ಓದಿದವರು ರೋಗಿಯನ್ನೇ ಸುಳ್ಳುಗಾರನೆಂದು ತಿಳಿಯುತ್ತಾರೆ. ಎರಡೂ ಸರಿಯಲ್ಲ.

3. ಇದನ್ನು ಪರೀಕ್ಷಿಸಿದ ಬಗೆ

ಈ ವಿಷಯದಲ್ಲಿ ಅತಿಸಂವೇದನೆ ಇದೆಯೆಂದು ಹೇಳುವವರನ್ನೇ ಸ್ವಯಂಸೇವಕರನ್ನಾಗಿ ತೆಗೆದುಕೊಂಡು, ತರಂಗಗಳು ಯಾವಾಗ ಹೊರಡುತ್ತಿವೆ, ಯಾವಾಗ ನಿಂತಿವೆ ಎಂಬುದು ಅವರಿಗೆ, ಹಲವು ಪ್ರಯೋಗಗಳಲ್ಲಿ ಪರೀಕ್ಷಕರಿಗೂ, ತಿಳಿಯದಂತೆ ಪರೀಕ್ಷೆಗಳನ್ನು ನಡೆಸಲಾಗಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೇಮ್ಸ್ ರೂಬಿನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಇಂತಹ 31 ಪ್ರಯೋಗಗಳನ್ನು ಕ್ರೋಡೀಕರಿಸಿ ಪರಿಶೀಲಿಸಿದರು. ಅವುಗಳಲ್ಲಿ ಒಟ್ಟು 725 ಮಂದಿ ಭಾಗವಹಿಸಿದ್ದರು. 2010ರಲ್ಲಿ ಈ ಪರಿಶೀಲನೆಯನ್ನು 46 ಪ್ರಯೋಗಗಳಿಗೆ ವಿಸ್ತರಿಸಲಾಯಿತು. ತರಂಗಗಳು ಇವೆಯೋ ಇಲ್ಲವೋ ಎಂಬುದನ್ನು ಸ್ವಯಂಸೇವಕರು ಗುರುತಿಸಬಲ್ಲರೆಂಬುದಕ್ಕೆ ದೃಢವಾದ ಪುರಾವೆ ದೊರೆಯಲಿಲ್ಲ. ಆದರೆ ತರಂಗಗಳಿಲ್ಲದ ಸಮಯದಲ್ಲಿಯೂ, ಅವು ಇವೆಯೆಂದು ನಂಬಿದವರಿಗೆ ನಿಜವಾಗಿಯೇ ತೊಂದರೆ ಕಾಣಿಸಿಕೊಂಡಿತು. ಭಯವೂ ದೇಹಕ್ಕೆ ನೋವು ತರಬಲ್ಲದು ಎಂಬುದು ಇದರಿಂದ ತಿಳಿದುಬರುತ್ತದೆ. ಹೀಗಾಗಿ ತಪ್ಪು ಮಾಹಿತಿಯು ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೇ ಆಗಿದೆ.

4. ಕ್ಯಾನ್ಸರ್ ಕುರಿತ ಆತಂಕ

ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ ತಿಂಗಳಿನಲ್ಲಿ ರೇಡಿಯೋ ತರಂಗಗಳನ್ನು "2ಬಿ" ವರ್ಗದಲ್ಲಿ ಸೇರಿಸಿತು. ಸೀಮಿತ ಪುರಾವೆಯ ಆಧಾರದ ಮೇಲೆ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ಈ ವರ್ಗದ ಅರ್ಥ. ಕ್ಯಾನ್ಸರ್ ಉಂಟಾಗುತ್ತದೆ ಎಂಬುದಲ್ಲ. ತಲೆನೋವು, ನಿದ್ರಾಹೀನತೆಗಳಿಗೂ ಈ ವರ್ಗೀಕರಣಕ್ಕೂ ಸಂಬಂಧವಿಲ್ಲ. ನಂತರ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ಪರಿಶೀಲನೆಯು 22 ದೇಶಗಳ 63 ಅಧ್ಯಯನಗಳನ್ನು ಒಳಗೊಂಡಿತ್ತು. ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಅದರಲ್ಲಿ ಕಂಡುಬರಲಿಲ್ಲ.

5. ಭಾರತದಲ್ಲಿ ನಿಗದಿಯಾಗಿರುವ ಮಿತಿ

ಕೇಂದ್ರ ಸರ್ಕಾರವು 2010ರಲ್ಲಿ ರಚಿಸಿದ ಅಂತರ ಸಚಿವಾಲಯ ಸಮಿತಿಯ ಶಿಫಾರಸಿನ ನಂತರ, ದಿನಾಂಕ 01-09-2012ರಿಂದ ಜಾರಿಗೆ ಬರುವಂತೆ ಟವರ್ ತರಂಗಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಅಂದರೆ 900 ಮೆಗಾಹರ್ಟ್ಸ್ ಆವರ್ತನದಲ್ಲಿ ಅಂತರರಾಷ್ಟ್ರೀಯ ಮಿತಿ ಪ್ರತಿ ಚದರ ಮೀಟರಿಗೆ 4.5 ವ್ಯಾಟ್ ಇದ್ದರೆ ಭಾರತದ ಮಿತಿ 0.45 ವ್ಯಾಟ್. ಮೊಬೈಲ್ ಸಾಧನದಿಂದ ದೇಹವು ಹೀರಿಕೊಳ್ಳುವ ಶಕ್ತಿಯ ಮಿತಿ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ, ಪ್ರತಿ ಕಿಲೋಗ್ರಾಂಗೆ 1.6 ವ್ಯಾಟ್ ಆಗಿದೆ. ಹಲವು ಮೊಬೈಲ್‌ಗಳಲ್ಲಿ *#07# ಒತ್ತಿದಲ್ಲಿ ಈ ವಿವರ ದೊರೆಯುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದೂರ ಹೆಚ್ಚಿದಂತೆ ತರಂಗಗಳ ಪ್ರಮಾಣ ಶೀಘ್ರವಾಗಿ ಕುಗ್ಗುತ್ತದೆ. ಆದುದರಿಂದ ಸಾಮಾನ್ಯ ಬಳಕೆಯಲ್ಲಿ ದೂರದ ಟವರ್‌ಗಿಂತ ಕಿವಿಗೆ ಹಿಡಿದ ಮೊಬೈಲ್‌ನಿಂದಲೇ ತಲೆಗೆ ಹೆಚ್ಚು ತರಂಗ ತಲುಪುತ್ತದೆ. ಸಿಗ್ನಲ್ ಕಡಿಮೆ ಇರುವಲ್ಲಿ ಮೊಬೈಲ್ ಹೆಚ್ಚಿನ ಶಕ್ತಿಯಿಂದ ತರಂಗ ಹೊರಡಿಸುತ್ತದೆ. ತರಂಗಗಳನ್ನು ಕಡಿಮೆ ಮಾಡಿಕೊಳ್ಳಬಯಸುವವರು ಸ್ಪೀಕರ್ ಅಥವಾ ತಂತಿಯ ಇಯರ್‌ಫೋನ್ ಬಳಸಬಹುದು ಹಾಗೂ ಸಿಗ್ನಲ್ ಚೆನ್ನಾಗಿರುವ ಸ್ಥಳದಲ್ಲಿ ನಿಂತು ಮಾತನಾಡಬಹುದು.

6. ಮೊದಲನೆಯ ಪ್ರಶ್ನೆ: ಅನಾರೋಗ್ಯದ ಕಾರಣ

ಟವರ್ ವಿರುದ್ಧ ಅರ್ಜಿ ಸಲ್ಲಿಸುವ ಮುನ್ನ ಅಥವಾ ಜೊತೆಯಲ್ಲಿಯೇ, ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಬೇಕು. ಅರ್ಜಿಯ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾ ಚಿಕಿತ್ಸೆಯನ್ನು ಮುಂದೂಡುವುದೇ ಈ ವಿಷಯದಲ್ಲಿ ಆಗಬಹುದಾದ ದೊಡ್ಡ ಹಾನಿ. ರಕ್ತಹೀನತೆ, ರಕ್ತದೊತ್ತಡ, ಮಧುಮೇಹ, ಥೈರಾಯ್ಡ್, ದೃಷ್ಟಿದೋಷ, ಅರೆತಲೆನೋವು ಇವುಗಳಿಂದಲೂ ಇವೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ ಮತ್ತು ಇವುಗಳಿಗೆ ಚಿಕಿತ್ಸೆ ಇದೆ.

ನಮ್ಮ ಭಾಗದಲ್ಲಿ ಇನ್ನೆರಡು ಕಾರಣಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು, ಹತ್ತಿ, ಮೆಣಸಿನಕಾಯಿ ಬೆಳೆಗಳಿಗೆ ಕೀಟನಾಶಕ ಸಿಂಪಡಿಸುವ ಕೆಲಸ. ಸಿಂಪಡಣೆಯ ನಂತರ ತಲೆನೋವು, ತಲೆಸುತ್ತು, ವಾಕರಿಕೆ, ಅತಿಯಾದ ಬೆವರು ಕಾಣಿಸಿಕೊಂಡಲ್ಲಿ ಅದು ವಿಷಬಾಧೆಯ ಲಕ್ಷಣವಿರಬಹುದು. ತಡಮಾಡದೆ ಆಸ್ಪತ್ರೆಗೆ ತೆರಳಬೇಕು. ಔಷಧಿಯ ಡಬ್ಬಿ ಅಥವಾ ಚೀಟಿಯನ್ನು ಜೊತೆಗೆ ಒಯ್ಯಬೇಕು.

ಎರಡನೆಯದು, ಟವರ್ ಬುಡದಲ್ಲಿರುವ ಡೀಸೆಲ್ ಜನರೇಟರ್. ರಾತ್ರಿಯಿಡೀ ಅದರ ಶಬ್ದ ಮತ್ತು ಹೊಗೆಯಿಂದ ನಿದ್ರೆ ಕೆಟ್ಟು ಬೆಳಿಗ್ಗೆ ತಲೆನೋವು ಬರಬಹುದು. ಇಲ್ಲಿ ದೂರು ಟವರ್‌ನದೇ ಆದರೂ ಕಾರಣ ತರಂಗವಲ್ಲ. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಆಗಿದೆ. ಈ ಬಗ್ಗೆ ಸ್ಥಳೀಯ ಸಂಸ್ಥೆಗೆ ಹಾಗೂ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ನೀಡಬಹುದು. "ರೇಡಿಯೇಷನ್" ಎಂದು ಬರೆದ ಅರ್ಜಿಗಿಂತ "ಜನರೇಟರ್ ಶಬ್ದ" ಎಂದು ನಿಖರವಾಗಿ ಬರೆದ ಅರ್ಜಿಗೆ ಪರಿಹಾರ ದೊರೆಯುವ ಸಂಭವ ಹೆಚ್ಚು.

ವೈದ್ಯರ ಬಳಿಗೆ ಹೋಗುವ ಮುನ್ನ ಎರಡು ವಾರ ಒಂದು ವಹಿಯಲ್ಲಿ ದಿನಾಂಕ, ವೇಳೆ, ತೊಂದರೆ, ಆ ದಿನದ ಕೆಲಸ, ಊಟ, ನಿದ್ರೆಯ ಅವಧಿ ಇವುಗಳನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ತೊಂದರೆ ತೀವ್ರವಾಗಿದ್ದಲ್ಲಿ ಎರಡು ವಾರ ಕಾಯತಕ್ಕದ್ದಲ್ಲ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನವಲಗುಂದದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ತಪಾಸಣೆ ಮಾಡಿಸಿಕೊಂಡು, ಅವಶ್ಯವಿದ್ದಲ್ಲಿ ವೈದ್ಯರ ಶಿಫಾರಸಿನ ಮೇರೆಗೆ ಕಿಮ್ಸ್ ಎಂದೇ ಜನಜನಿತವಾಗಿರುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಆಸ್ಪತ್ರೆಗೆ ತೆರಳಬಹುದು. ಆತಂಕ, ನಿದ್ರಾಹೀನತೆ ಬಹುಕಾಲ ಕಾಡುತ್ತಿದ್ದಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಅಥವಾ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ನ್ನು ಸಂಪರ್ಕಿಸಬಹುದು. ಅಲ್ಲಿಗೆ ಹೋಗುವುದೆಂದರೆ ರೋಗ ಕಲ್ಪಿತವೆಂದು ಒಪ್ಪಿಕೊಂಡಂತಲ್ಲ.

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಮೊಬೈಲನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿಡಬೇಕು. ಅಂಗಿಯ ಎದೆಯ ಜೇಬಿನಲ್ಲಿ ಇಡಬಾರದು.

7. ಎರಡನೆಯ ಪ್ರಶ್ನೆ: ತರಂಗಗಳ ಅಳತೆ

ಕೇಂದ್ರ ದೂರಸಂಪರ್ಕ ಇಲಾಖೆಯು 2017ರ ಮೇ ತಿಂಗಳಿನಲ್ಲಿ "ತರಂಗ ಸಂಚಾರ್" ಎಂಬ ಪೋರ್ಟಲನ್ನು ಆರಂಭಿಸಿತು. ಇದರಲ್ಲಿ ನಕ್ಷೆಯ ಮೂಲಕ ತಮ್ಮ ಊರಿನ ಟವರ್‌ಗಳನ್ನು ಮತ್ತು ಅವು ಮಿತಿಗೆ ಬದ್ಧವಾಗಿವೆಯೇ ಎಂಬುದನ್ನು ನೋಡಬಹುದು. ನಿರ್ದಿಷ್ಟ ಸ್ಥಳದಲ್ಲಿ ಅಳತೆ ಮಾಡಿಸಬೇಕೆಂದು ಕೋರುವವರು ಇದೇ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬಹುದು. ಆರಂಭದಲ್ಲಿ ಇದಕ್ಕೆ ರೂ. 4,000 ಶುಲ್ಕ ನಿಗದಿಪಡಿಸಲಾಗಿತ್ತು. ಅರ್ಜಿ ಸಲ್ಲಿಸುವ ದಿನದ ಶುಲ್ಕವನ್ನು ಪೋರ್ಟಲ್‌ನಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು. ಈ ಮೊತ್ತ ಒಂದು ಕುಟುಂಬಕ್ಕೆ ಹೊರೆಯಾದಲ್ಲಿ ಓಣಿಯ ನಿವಾಸಿಗಳು ಸೇರಿ ಭರಿಸಿ, ಒಬ್ಬರ ಹೆಸರಿನಲ್ಲಿ ಅರ್ಜಿ ಸಲ್ಲಿಸಬಹುದು.

ಮಾರುಕಟ್ಟೆಯಲ್ಲಿ ದೊರೆಯುವ ಅಗ್ಗದ ಮೀಟರ್‌ಗಳ ಅಥವಾ ಮೊಬೈಲ್ ಆ್ಯಪ್‌ಗಳ ಅಂಕಿಗಳು ಅಧಿಕೃತ ಅಳತೆಗೆ ಸಮಾನವಲ್ಲ.

8. ಮೂರನೆಯ ಪ್ರಶ್ನೆ: ಅನುಮತಿ

ಪಟ್ಟಣದಲ್ಲಿ ಪುರಸಭೆ, ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಟವರ್ ಅನುಮತಿಯ ಕಡತವನ್ನು ವಿಚಾರಿಸಬಹುದು. ಮಾಹಿತಿ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ರೂ. 10 ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸತಕ್ಕದ್ದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ ಸಾಮಾನ್ಯವಾಗಿ 150 ಪದಗಳನ್ನು ಮೀರಿರಬಾರದು. 30 ದಿನಗಳೊಳಗೆ ಉತ್ತರ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಬಹುದು. ಕೇಂದ್ರ ಇಲಾಖೆಗೆ ಸಲ್ಲಿಸುವ ಮಾಹಿತಿ ಹಕ್ಕು ಅರ್ಜಿಯನ್ನು ಸಹ ಕನ್ನಡದಲ್ಲಿ ಬರೆಯಲು ಅಧಿನಿಯಮದ 6ನೇ ಕಲಂ ಅವಕಾಶ ನೀಡಿದೆ.

"ಟವರ್ ಅಪಾಯಕಾರಿಯೇ?" ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರವಿರುವುದಿಲ್ಲ. "ಅನುಮತಿ ಪತ್ರದ ಪ್ರತಿ ನೀಡಿ" ಎಂದು ದಾಖಲೆಯನ್ನೇ ಕೇಳಬೇಕು.

9. ಮಾಹಿತಿಯನ್ನು ಪರಿಶೀಲಿಸುವ ಬಗೆ

ರಶೀದಿ ಇಲ್ಲದ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದು. ಮಾಹಿತಿಗೂ ಇದೇ ನಿಯಮ. ಯಾವುದೇ ಬರಹ ಅಥವಾ ವಿಡಿಯೋವನ್ನು ನಂಬುವ ಮುನ್ನ ಈ ಕೆಳಕಂಡವುಗಳನ್ನು ವಿಚಾರಿಸಿಕೊಳ್ಳಿ.

- ಹೇಳಿದವರು ಯಾರು? ಹೆಸರು, ಹುದ್ದೆ, ಸಂಸ್ಥೆ ಇದೆಯೇ?
- ದಿನಾಂಕವಿದೆಯೇ? ಹಳೆಯ ಸುದ್ದಿಯನ್ನು ಹೊಸದೆಂಬಂತೆ ಹಂಚಲಾಗಿದೆಯೇ?
- ಒಬ್ಬಿಬ್ಬರ ಅನುಭವವೇ, ಹಲವು ಅಧ್ಯಯನಗಳ ಒಟ್ಟು ಪರಿಶೀಲನೆಯೇ?
- ಕೊನೆಯಲ್ಲಿ ಏನನ್ನಾದರೂ ಮಾರಲಾಗುತ್ತಿದೆಯೇ?

ಉದಾಹರಣೆಗೆ, 2021ರಲ್ಲಿ ಕೋವಿಡ್ ಎರಡನೆಯ ಅಲೆಗೆ 5ಜಿ ಪರೀಕ್ಷೆಯೇ ಕಾರಣವೆಂಬ ಸುದ್ದಿ ಹರಡಿತು. ಆಗ ದೇಶದಲ್ಲಿ ಎಲ್ಲಿಯೂ 5ಜಿ ಪರೀಕ್ಷೆಯೇ ಆರಂಭವಾಗಿಲ್ಲವೆಂದು ದೂರಸಂಪರ್ಕ ಇಲಾಖೆಯು ಆ ವರ್ಷದ ಮೇ 10ರಂದು ಸ್ಪಷ್ಟಪಡಿಸಬೇಕಾಯಿತು. 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ದಿನಾಂಕವೊಂದನ್ನು ನೋಡಿದ್ದರೂ ಸಾಕಿತ್ತು.

ಮೊಬೈಲಿಗೆ ಅಂಟಿಸುವ "ರೇಡಿಯೇಷನ್ ತಡೆ" ಚಿಪ್, ಸ್ಟಿಕ್ಕರ್ ಮುಂತಾದವುಗಳು ಪರಿಣಾಮಕಾರಿಯೆಂದು ಸಿದ್ಧವಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಅವುಗಳಿಗೆ ವ್ಯಯಿಸುವ ಹಣದಲ್ಲಿ ರಕ್ತ ತಪಾಸಣೆ ಮಾಡಿಸಿಕೊಳ್ಳುವುದು ಮೇಲು.

10. ಸೂಚನೆ

ಅರ್ಜಿಯ ಜೊತೆಗೆ ವೈದ್ಯಕೀಯ ವರದಿ, ಟವರ್ ಇರುವ ಸ್ಥಳದ ವಿವರ, ತೊಂದರೆ ಆರಂಭವಾದ ದಿನಾಂಕ ಮತ್ತು ಹಿಂದಿನ ಅರ್ಜಿಗಳ ಸ್ವೀಕೃತಿಯ ಪ್ರತಿಗಳನ್ನು ಲಗತ್ತಿಸಿ, ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು. ಈ ಪುಟದ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಂಡು, ನೆರೆಹೊರೆಯಲ್ಲಿ ಇಂತಹ ತೊಂದರೆಯಿಂದ ಬಳಲುತ್ತಿರುವವರಿದ್ದಲ್ಲಿ ಅವರನ್ನು ಹೀಯಾಳಿಸದೆ, ಹೆದರಿಸದೆ, ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಕೋರಲಾಗಿದೆ.