ಪ್ಯಾಕೆಟ್ ಹಿಂದಿನ ಸಣ್ಣಕ್ಷರದ ಚರಿತ್ರೆ

"ನಿಮ್ಮ ಮಾವನ ಮಾರಿ ಎಲ್ಲಾ ಬಾತ್ ಹೋಗ್ಯಾದ, ಕಣ್ಣ ತೆಗಿಲಿಕ್ಕಿ ಬರವಲ್ದು" ಅಂತ ಶಹಾಬಾದ್‌ನಿಂದ ಅತ್ತೆ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ, ಒಂದು ಮೀಟಿಂಗ್ ಮಧ್ಯೆ ಇದ್ದೆ. ಎಲ್ಲೋ ಬಿದ್ದಿರಬೇಕು ಅಂದುಕೊಂಡೆ. ಬಿದ್ದಿರಲಿಲ್ಲ. ಮಗಳ ಮದುವೆಗೆ ಹತ್ತು ದಿನ ಇತ್ತು, ಕಟಿಂಗ್ ಅಂಗಡಿಯಲ್ಲಿ ಕೂತು ಕೂದಲಿಗೆ, ಮೀಸೆಗೆ ಕರೀ ಮೆಹಂದಿ ಹಚ್ಚಿಸಿಕೊಂಡು ಬಂದಿದ್ದರು. ಅವತ್ತು ಏನೂ ಆಗಲಿಲ್ಲ. ಮರುದಿನ ರಾತ್ರಿ ಕಿವಿ ಹಿಂದೆ ತುರಿಕೆ, ಮೂರನೇ ದಿನ ಬೆಳಗ್ಗೆ ರೆಪ್ಪೆಗಳು ಎರಡೂ ಮುಚ್ಚಿಕೊಂಡಿದ್ದವು.

ಶನಿವಾರ ನಾನು ಊರಿಗೆ ಹೋಗಿ ಅವರನ್ನು ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಸಾಲಿನಲ್ಲಿ ನಮ್ಮ ಪಕ್ಕ ಒಬ್ಬ ಗವಂಡಿ ಕೂತಿದ್ದ. ಅಂಗೈ ಬಿರಿದು, ಬೆರಳ ಸಂದಿಯಲ್ಲಿ ರಕ್ತ. "ಸಿಮೆಂಟ್ ನನಗ ಹತ್ತಂಗಿಲ್ರಿ" ಅಂದ. ಡಾಕ್ಟರ್ ಇಬ್ಬರನ್ನೂ ನೋಡಿ, "ಇಬ್ರದೂ ಒಂದೇ ಜಾತಿ ರೋಗ" ಅಂದುಬಿಟ್ಟರು. ಆ ಒಂದು ಮಾತಿನ ಬೆನ್ನು ಹತ್ತಿ ಹೋದಾಗ ಸಿಕ್ಕ ಕಥೆ ಇದು.

ಬಿಳಿ ಕೂದಲಿನ ಚಿಂತೆ ಹೊಸದೇನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಕಲ್ಲುಗಳ ಮೇಲೆ ಜಾತಕ ಕಥೆಗಳ ಕೆತ್ತನೆ ಇದೆ. ಅದೇ ಜಾತಕಗಳ ಸಾಲಿನಲ್ಲಿ ಬರೋ ಒಬ್ಬ ರಾಜ ಮಖಾದೇವ. ಅವನು ತನ್ನ ಕ್ಷೌರಿಕನಿಗೆ, "ಮೊದಲ ಬಿಳಿ ಕೂದಲು ಕಂಡ ದಿನ ನನಗೆ ಹೇಳು" ಅಂತ ಹೇಳಿಟ್ಟಿದ್ದ. ಕಂಡ ದಿನ ರಾಜ್ಯವನ್ನು ಮಗನಿಗೆ ಕೊಟ್ಟು ಎದ್ದು ಹೋದ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಹಳೆಯ ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನೂ ಕೊನೆಗೆ ವಿವೇಕದಿಂದ ರಾಜ್ಯ ಬಿಟ್ಟ ಅಂತ 'ಪ್ರಶ್ನೋತ್ತರ ರತ್ನಮಾಲಿಕೆ' ಹೇಳುತ್ತದೆ.

ಎಲ್ಲರೂ ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳಲಿಲ್ಲ ಬಿಡಿ. 6ನೇ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ತಲೆ ಬಿಳಿಯಾದವನಿಗೆ ಹೂವು, ಗಂಧ, ಒಡವೆ ಯಾವುದೂ ಒಪ್ಪುವುದಿಲ್ಲ ಅಂತ ಶುರು ಮಾಡಿ, ಸೀದಾ ರೆಸಿಪಿಗೆ ಇಳಿಯುತ್ತಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ, ಹುಳಿಯಲ್ಲಿ, ಕಬ್ಬಿಣದ ಪುಡಿ ಸೇರಿಸಿ ಬೇಯಿಸಿ ಅರೆದು ತಲೆಗೆ ಹಚ್ಚಿ, ಎಲೆ ಸುತ್ತಿ ಕೂರಬೇಕು. ಆಮೇಲೆ ನೆಲ್ಲಿಕಾಯಿ.

ಚಿಂಚೋಳಿ ಕಡೆಯ ನಮ್ಮ ಅಜ್ಜಿ ವರಾಹಮಿಹಿರನ ಹೆಸರು ಕೇಳಿರಲಿಲ್ಲ, ಆದರೆ ಕಬ್ಬಿಣದ ಬಾಣಲಿಯಲ್ಲೇ ಮದರಂಗಿ, ನೆಲ್ಲಿಪುಡಿ ರಾತ್ರಿಯಿಡೀ ನೆನೆಸಿಡುತ್ತಿದ್ದಳು. ಲೆಕ್ಕ ಒಂದೇ. ಕಬ್ಬಿಣ ಮತ್ತು ಒಗರು ಸೇರಿದರೆ ಕಪ್ಪು. ಅನ್ನಭೇದಿ ಮತ್ತು ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಈ ಅನ್ನಭೇದಿಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತೆ.

ಇನ್ನು ಮಾವನ ತಲೆಗೆ ಬಂದದ್ದು ಎಲ್ಲಿಂದ? ಕಲ್ಲಿದ್ದಲ ಡಾಂಬರಿನಿಂದ. 1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಅನ್ನೋ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಅವನ ಗುರು ಹಾಫ್‌ಮನ್ 1863ರಲ್ಲಿ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ವಸ್ತುವನ್ನು ವಿವರಿಸಿದ. ಇದರ ಚಿಕ್ಕ ಹೆಸರು ಪಿಪಿಡಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಲು ಶುರುವಾದದ್ದು 1874ರಲ್ಲಿ, ಅದರ ಮುಂದಿನ ದಶಕದಲ್ಲೇ ಪ್ಯಾರಿಸ್‌ನಲ್ಲಿ ಪಿಪಿಡಿ ಬಣ್ಣಕ್ಕೆ ಪೇಟೆಂಟ್ ಆಯಿತು. 1909ರಲ್ಲಿ ಯೂಜೀನ್ ಶೂಲರ್ ಒಂದು ಕಂಪನಿ ಕಟ್ಟಿದ, ಇವತ್ತಿನ ಲೋರಿಯಲ್ ಅದೇ. ಅದರ ಮೊದಲ ಹೆಸರಿನ ಅರ್ಥ 'ನಿರಪಾಯಕಾರಿ ಕೂದಲ ಬಣ್ಣಗಳ ಫ್ರೆಂಚ್ ಕಂಪನಿ'. ಅಪಾಯ ಇಲ್ಲ ಅಂತ ಬೋರ್ಡ್ ಮೇಲೇ ಬರೆಯಬೇಕಾಯ್ತು ಅಂದರೆ, ಜನರಿಗೆ ಆಗಲೇ ಭಯ ಇತ್ತು ಅಂತ ತಾನೇ?

ಪಿಪಿಡಿ ಕೆಲಸ ಮಾಡೋ ರೀತಿ ಜಾಣತನದ್ದು. ಅದರ ಅಣು ತೀರಾ ಸಣ್ಣದು, ಬಣ್ಣವಿಲ್ಲದ್ದು. ಕೂದಲ ಒಳಗೆ ನುಸುಳುತ್ತೆ, ಪೆರಾಕ್ಸೈಡ್ ಜೊತೆ ಸೇರಿ ಅಲ್ಲೇ ದೊಡ್ಡದಾಗಿ, ಕಪ್ಪಾಗಿ ಉಳಿಯುತ್ತೆ. ಅದಕ್ಕೇ ತೊಳೆದರೂ ಹೋಗಲ್ಲ. ಆದರೆ ಕೂದಲಿಗೆ ನುಸುಳುವಷ್ಟು ಸಣ್ಣದು ಚರ್ಮಕ್ಕೂ ನುಸುಳುತ್ತೆ. ಅಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಕೆಲವರ ರೋಗನಿರೋಧಕ ಕಣಗಳು ಅದನ್ನು ಶತ್ರು ಅಂತ ಗುರುತು ಇಟ್ಟುಕೊಳ್ಳುತ್ತವೆ. ಆ ಸಲ ಹೊರಗೆ ಏನೂ ಕಾಣಲ್ಲ. ಗುರುತು ಮಾತ್ರ ಅಳಿಯಲ್ಲ. ಮುಂದೆ ಯಾವತ್ತೋ ಮತ್ತೆ ಸಿಕ್ಕಾಗ ಒಂದೆರಡು ದಿನ ಬಿಟ್ಟು ಯುದ್ಧ ಶುರು. "ಹತ್ತು ವರ್ಷದಿಂದ ಹಚ್ಚಲಿಕ್ಕತ್ತೀನಿ, ಏನೂ ಆಗಿಲ್ಲ" ಅನ್ನೋ ಮಾವನ ವಾದ ಇಲ್ಲಿ ನಿಲ್ಲಲ್ಲ. ಕೆದಕಿ ಕೇಳಿದಾಗ ಒಪ್ಪಿಕೊಂಡರು, "ಹ್ವಾದ್ ಸಲ ಬರೇ ಕಿವಿ ಹಿಂದ ತುರಿಸಿತ್ತು." ಅದೇ ನೋಟಿಸ್. ನಾವು ಯಾರೂ ಓದಲಿಲ್ಲ.

ಗವಂಡಿಯ ಕೈಯಲ್ಲೂ ಇದೇ ಯುದ್ಧ, ಶತ್ರು ಮಾತ್ರ ಬೇರೆ. ಶಹಾಬಾದ್‌ಗೆ ಸಿಮೆಂಟ್ ಬಂದದ್ದು ನಿಜಾಮರ ಕಾಲದಲ್ಲಿ. ಆಮೇಲೆ ವಾಡಿ, ಸೇಡಂ ಎಲ್ಲಾ ಸುಣ್ಣಕಲ್ಲಿನ ಮೇಲೇ ಬೆಳೆದವು. ಜಗತ್ತಿನ ಎಲ್ಲಾ ಕಡೆ ಗವಂಡಿಗಳ ಕೈ ಬಿರಿಯುತ್ತಿತ್ತು, ಸುಣ್ಣದ ಖಾರ ಅಂತ ಬಿಟ್ಟಿದ್ದರು. 1950ರಲ್ಲಿ ಇಬ್ಬರು ಸ್ವಿಸ್ ವೈದ್ಯರು, ಯೇಗರ್ ಮತ್ತು ಪೆಲ್ಲೋನಿ, ಪ್ಯಾಚ್ ಟೆಸ್ಟ್ ಮಾಡಿ ಕಾರಣ ಹಿಡಿದರು. ಸಿಮೆಂಟಿನಲ್ಲಿ ಗುಲಗಂಜಿಯಷ್ಟೂ ಇಲ್ಲದ ಕ್ರೋಮಿಯಂ, ಅದರಲ್ಲೂ ನೀರಿನಲ್ಲಿ ಕರಗೋ ಜಾತಿಯದು. ಅದಕ್ಕೆ ಮದ್ದು? ಅನ್ನಭೇದಿ! ಸಿಮೆಂಟಿಗೆ ಸ್ವಲ್ಪ ಫೆರಸ್ ಸಲ್ಫೇಟ್ ಬೆರೆಸಿದರೆ ಆ ಕ್ರೋಮಿಯಂ ಮೆತ್ತಗಾಗುತ್ತೆ. ಡೆನ್ಮಾರ್ಕ್ 1980ರ ದಶಕದಲ್ಲೇ ಇದನ್ನು ಜಾರಿಗೆ ತಂತು. ಯುರೋಪ್ ಒಕ್ಕೂಟ 2005ರಿಂದ 10 ಲಕ್ಷ ಭಾಗಕ್ಕೆ 2 ಭಾಗದ ಮಿತಿ ಹಾಕಿತು.

ಕೂದಲ ಬಣ್ಣದ ಕಾನೂನಿನ ಕಥೆ ಇದಕ್ಕಿಂತ ಕಹಿ. 1933ರಲ್ಲಿ ಅಮೆರಿಕದಲ್ಲಿ 'ಲ್ಯಾಶ್ ಲ್ಯೂರ್' ಅನ್ನೋ ರೆಪ್ಪೆಗೂದಲ ಬಣ್ಣ ಹಚ್ಚಿಕೊಂಡ ಹೆಂಗಸರ ಕಣ್ಣು ಹೋದವು, ಒಬ್ಬರ ಜೀವವೂ ಹೋಯಿತು. ಆಗಿನ ಕಾನೂನಿಗೆ ಸೌಂದರ್ಯ ಸಾಮಗ್ರಿ ಮುಟ್ಟೋ ಅಧಿಕಾರವೇ ಇರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂತು. ಆದರೆ ಡಾಂಬರಿನ ಕೂದಲ ಬಣ್ಣಕ್ಕೆ ಒಂದು ವಿನಾಯಿತಿ ಸಿಕ್ಕಿತು. ಎಚ್ಚರಿಕೆ ಬರೆದು, ಮೊದಲು ಪರೀಕ್ಷೆ ಮಾಡಿಕೊಳ್ಳಿ ಅಂದರೆ ಸಾಕು, ಮಾರಬಹುದು.

ನಮ್ಮ ದೇಶದ ನಿಯಮದಲ್ಲೂ ಹೆಚ್ಚುಕಡಿಮೆ ಅದೇ ಮಾತಿದೆ. ಚರ್ಮ ಉರಿಯಬಹುದು, ಮೊದಲು ಪರೀಕ್ಷಿಸಿ, ರೆಪ್ಪೆಗೆ ಹುಬ್ಬಿಗೆ ಹಚ್ಚಬೇಡಿ, ಕುರುಡಾಗಬಹುದು. ಇದನ್ನು ಇಂಗ್ಲಿಷ್‌ನಲ್ಲೂ ಸ್ಥಳೀಯ ಭಾಷೆಯಲ್ಲೂ ಒಳಗಿನ, ಹೊರಗಿನ ಎರಡೂ ಲೇಬಲ್ ಮೇಲೆ ಹಾಕಬೇಕು. ಅಂದರೆ 1933ರಲ್ಲಿ ಕಣ್ಣು ಕಳೆದುಕೊಂಡ ಆ ಹೆಂಗಸರ ನೋವು ಸೇಡಂನ ಅಂಗಡಿಯಲ್ಲಿ ನೇತಾಡೋ ಪ್ಯಾಕೆಟ್ ಮೇಲೂ ಇದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕಟಿಂಗ್ ಅಂಗಡಿಯಲ್ಲಿ ಕೂತವನಿಗೆ ಅದೂ ಕಾಣಲ್ಲ. ಪ್ಯಾಕೆಟ್ ಹರಿದು ಕಸಕ್ಕೆ ಹೋಗಿರುತ್ತೆ, ಮುಂದೆ ಬರೋದು ಬಟ್ಟಲು ಮಾತ್ರ. ದಿನವೂ ಬರಿಗೈಯಲ್ಲಿ ಕಲಸೋ ಆ ಹುಡುಗನ ಕೈಯನ್ನೂ ಒಮ್ಮೆ ನೋಡಿ.

ಡಾಕ್ಟರ್ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ತುರಿಕೆ ಶುರುವಾದರೆ ತಡಮಾಡದೆ ಸಾಕಷ್ಟು ನೀರು, ಮೆದು ಶಾಂಪೂ ಹಾಕಿ ತೊಳೀರಿ. ಸುಣ್ಣ, ನಿಂಬೆಹಣ್ಣು, ಮನೆಮದ್ದು ಯಾವುದೂ ಬೇಡ. ಪ್ಯಾಕೆಟ್ ಎಸೀಬೇಡಿ, ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆ ಆದರೆ, ತುಟಿ ನಾಲಿಗೆ ಬಾತರೆ ಕಾಯದೆ ಎಮರ್ಜೆನ್ಸಿಗೆ ಓಡಿ. ಒಮ್ಮೆ ಆದವರಿಗೆ ಪಿಪಿಡಿ ಇರೋ ಬಣ್ಣ ಮತ್ತೆಂದೂ ಬೇಡ. ಎಲೆಯ ಚಿತ್ರ ನೋಡಿ ಮೋಸ ಹೋಗಬೇಡಿ. ಮದರಂಗಿ ಒಂದೇ ಇದ್ದರೆ ಬರೋದು ಕೆಂಪು, ಅರ್ಧ ಗಂಟೆಯಲ್ಲಿ ಕಡುಕಪ್ಪು ಬಂತು ಅಂದರೆ ಒಳಗೆ ಬೇರೆ ಯಾರೋ ಇದ್ದಾರೆ ಅಂತಲೇ ಅರ್ಥ.

ಸ್ಟೆರಾಯ್ಡ್ ಮಾತ್ರೆ, ಮುಲಾಮು ಕೆಲಸ ಮಾಡಿದವು. ಮದುವೆ ಹೊತ್ತಿಗೆ ಬಾವು ಇಳಿದಿತ್ತು. ಕಪ್ಪು ಬಣ್ಣ ಉಳಿದ ಕೂದಲನ್ನೆಲ್ಲ ಸಣ್ಣಗೆ ಕತ್ತರಿಸಿ, ಮೀಸೆ ತೆಗೆಸಿ, ಮೊಳಕೆ ಬಿಳಿ ತಲೆಯಲ್ಲೇ ಮಾವ ಧಾರೆ ಎರೆದರು. ಫೋಟೋ ನೋಡಿ ಮಗಳು, "ಅಪ್ಪಾ, ಅಜ್ಜನ ಹಂಗ ಕಾಣ್ಲಿಕ್ಕತ್ತಿ" ಅಂದಳು.

"ಮತ್ತ? ಅಜ್ಜ ಆಗಾಂವೇ ಇದ್ದೀನಲ್ಲ" ಅಂದರು ಮಾವ.