ಆಡಮ್ಸ್, ಜಾನ್: ವಾದ್ಯವೃಂದ ಕೃತಿಗಳು

ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ಹುಟ್ಟಿದ್ದು 1947ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ. ಚಿಕ್ಕ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ನುಡಿಸುತ್ತ ಮೆಲ್ಲನೆ ಬದಲಿಸುವ ಮಿನಿಮಲಿಸಂ ಇವರ ನೆಲೆಗಟ್ಟು; ‘ಹಾರ್ಮೋನಿಲೇರ’ದಲ್ಲಿ (1985) ಅದರೊಡನೆ ರಚನಕಾರ ಮಾಹ್ಲರ್ ಕಾಲದ ಭಾವತೀವ್ರತೆ ಬೆರೆತಿದೆ. ಸೆಪ್ಟೆಂಬರ್ 11ರ ದಾಳಿಯಲ್ಲಿ ಮಡಿದವರಿಗಾಗಿ ಬರೆದ ‘ಆನ್ ದ ಟ್ರಾನ್ಸ್‌ಮೈಗ್ರೇಷನ್ ಆಫ್ ಸೋಲ್ಸ್’ 2003ರಲ್ಲಿ ಪುಲಿಟ್ಜರ್ ಪಡೆಯಿತು. ನಮ್ಮ ಕಿವಿಗೆ ತೀರ ಆಪ್ತವೆನಿಸುವುದು ಎಲೆಕ್ಟ್ರಿಕ್ ಪಿಟೀಲಿನ ‘ದ ಧರ್ಮ ಅಟ್ ಬಿಗ್ ಸರ್’ (2003). ಪಿಟೀಲು ಸ್ವರದಿಂದ ಸ್ವರಕ್ಕೆ ಜಾರುವಾಗ ಆಲಾಪ ನೆನಪಾಗುತ್ತದೆ. ಎರಡನೆಯ ಭಾಗ ರಚನಕಾರ ಟೆರ್ರಿ ರೈಲಿಗೆ ಸಲ್ಲಿಸಿದ ಗೌರವ. ರೈಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್ಲರದೂ ಅದೇ ಘರಾಣೆ. ಆಡಮ್ಸ್ ಸಂಗೀತವನ್ನು ಹೊಸದಾಗಿ ಕೇಳುವ ಕನ್ನಡಿಗರು ಈ ಕೃತಿಯಿಂದಲೇ ಆರಂಭಿಸಬೇಕು.