ವಿಡಿಯೋ ಗೇಮ್‌ನಿಂದ ಮೇಜಿಗೆ: ರೋಲ್‌ಪ್ಲೇಯಿಂಗ್ ಆಟಗಳ ಕೊಡುಕೊಳ್ಳುವಿಕೆಯ ಇತಿಹಾಸ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟವೆಂದರೆ ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತು, ತಲಾ ಒಂದೊಂದು ಪಾತ್ರ ವಹಿಸಿಕೊಂಡು, ಮಾತಿನಲ್ಲೇ ಕತೆ ಕಟ್ಟುತ್ತ ಆಡುವ ಆಟ. ಅವರಲ್ಲೊಬ್ಬರು ಗೇಮ್ ಮಾಸ್ಟರ್. ಆಟದ ಲೋಕವನ್ನೂ ಅಲ್ಲಿಯ ಶತ್ರುಗಳನ್ನೂ ಊರಿನ ಜನರನ್ನೂ ನಡೆಸುವುದು ಅವರ ಕೆಲಸ. ಫಲ ಏನಾಗುವುದೋ ಎಂಬ ಅನುಮಾನವಿದ್ದಲ್ಲಿ ದಾಳ ತೀರ್ಮಾನ ಹೇಳುತ್ತದೆ. ಒಂದೇ ಕತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿದರೆ ಅದನ್ನು ಕ್ಯಾಂಪೇನ್ ಎನ್ನುತ್ತಾರೆ. ಇಂಥ ಕ್ಯಾಂಪೇನ್‌ಗಳಿಗೆ ವಿಡಿಯೋ ಗೇಮ್‌ಗಳಿಂದ ನಿಯಮ, ನಕ್ಷೆ, ಕಾಳಗದ ವರಸೆ, ಕತೆಯ ಚೌಕಟ್ಟು ಮೊದಲಾದವನ್ನು ತಂದುಕೊಳ್ಳುವ ರೂಢಿ ಇಂದು ಎಲ್ಲೆಡೆ ಇದೆ. ಆದರೆ ಈ ದಾರಿ ಒಮ್ಮುಖದ್ದಲ್ಲ. ವಿಡಿಯೋ ಗೇಮ್‌ನದು ಎಂದು ಆಟಗಾರರು ನಂಬಿರುವ ಎಷ್ಟೋ ಕಲ್ಪನೆಗಳು ಮೊದಲು ಮೇಜಿನ ಮೇಲೆ ಹುಟ್ಟಿ, ಕಂಪ್ಯೂಟರಿನಲ್ಲಿ ಬೆಳೆದು, ಬೇರೆ ರೂಪದಲ್ಲಿ ಹಿಂದಿರುಗಿದವು.

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಟಿಎಸ್‌ಆರ್ ಸಂಸ್ಥೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಹೊರತಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮೂರು ಕಿರುಹೊತ್ತಗೆಗಳ ಒಂದು ಪೆಟ್ಟಿಗೆ. ಮೊದಲ ಮುದ್ರಣ ಸಾವಿರ ಪ್ರತಿ. ಪಾತ್ರದ ಜೀವಬಲವನ್ನು ಅಂಕಿಯಲ್ಲಿ ಅಳೆಯುವ ‘ಹಿಟ್ ಪಾಯಿಂಟ್’ ಪದ್ಧತಿಯನ್ನು ಆರ್ನೆಸನ್ ನೌಕಾಯುದ್ಧದ ಆಟವೊಂದರಿಂದ ತಂದಿದ್ದರು. ಹಡಗು ಎಷ್ಟು ಏಟು ತಡೆದೀತು ಎಂಬ ಲೆಕ್ಕ ಹೀಗೆ ಮನುಷ್ಯನ ಲೆಕ್ಕವಾಯಿತು. ಇಂದು ಎಷ್ಟೋ ವಿಡಿಯೋ ಗೇಮ್‌ಗಳ ಮೂಲೆಯಲ್ಲಿ ಕಾಣುವ ಕೆಂಪು ಪಟ್ಟಿಯ ಮೂಲ ಇದೇ.

ಪೆಟ್ಟಿಗೆ ಮಾರುಕಟ್ಟೆಗೆ ಬಂದ ಮರುವರ್ಷವೇ ಆಟ ಕಂಪ್ಯೂಟರಿಗೆ ಹತ್ತಿತ್ತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲೆಂದು ಕಟ್ಟಿದ ಪ್ಲೇಟೋ ಜಾಲದಲ್ಲಿ 1975ರಲ್ಲಿ ‘ಪೆಡಿಟ್5’, ‘ಡಿಎನ್‌ಡಿ’ ಎಂಬ ಆಟಗಳು ಕಾಣಿಸಿಕೊಂಡವು. ಎರಡನೆಯದರಲ್ಲಿ ನೆಲಮಾಳಿಗೆಯ ಆಳದಲ್ಲೊಂದು ಮಂತ್ರಗೋಲ, ಅದನ್ನು ಕಾಯಲು ಚಿನ್ನದ ಡ್ರ್ಯಾಗನ್. ಕೊನೆಯಲ್ಲಿ ಎದುರಾಗುವ ದೊಡ್ಡ ಶತ್ರುವಿನ, ಅಂದರೆ ‘ಬಾಸ್’ನ ಮೊದಲ ಉದಾಹರಣೆಗಳಲ್ಲಿ ಇದನ್ನು ಹೆಸರಿಸುತ್ತಾರೆ. 1980ರ ‘ರೋಗ್’ ಪ್ರತಿ ಸಲವೂ ಹೊಸ ನೆಲಮಾಳಿಗೆ ಕಟ್ಟಿ ಕೊಟ್ಟಿತು. ದಾಳ ಹಾಕಿ ಕೋಣೆ, ಓಣಿಗಳನ್ನು ಹುಟ್ಟಿಸುವ ಕೋಷ್ಟಕಗಳನ್ನು ಗೈಗ್ಯಾಕ್ಸ್ 1975ರಲ್ಲೇ ಪ್ರಕಟಿಸಿದ್ದರು. 1981ರ ‘ವಿಜರ್ಡ್ರಿ’ ಮತ್ತು ‘ಅಲ್ಟಿಮಾ’ ಆಟಗಳು ಜಪಾನಿಗೆ ಹೋಗಿ, 1986ರ ‘ಡ್ರ್ಯಾಗನ್ ಕ್ವೆಸ್ಟ್’ಗೆ ದಾರಿ ಮಾಡಿದವು.

ಈ ವಲಸೆಯಲ್ಲಿ ಕಳೆದುಹೋದದ್ದು ಗೇಮ್ ಮಾಸ್ಟರ್. ಬಾಗಿಲು ಒಡೆಯಲಾಗದಿದ್ದರೆ ಗೋಡೆ ಕೊರೆಯುತ್ತೇನೆ ಎಂದರೆ ಮನುಷ್ಯ ಒಂದು ಕ್ಷಣ ಯೋಚಿಸಿ ಒಪ್ಪಬಲ್ಲ; ಯಂತ್ರಕ್ಕೆ ಬರೆದಿಟ್ಟದ್ದಷ್ಟೇ ಗೊತ್ತು. ಆ ಕೊರತೆ ತುಂಬಲು ವಿಡಿಯೋ ಗೇಮ್ ರಚಿಸುವವರು ಬೇರೆ ಕೌಶಲಗಳನ್ನು ಬೆಳೆಸಿಕೊಂಡರು. ಶತ್ರು ಏಟು ಹಾಕುವ ಮೊದಲು ಕೈ ಎತ್ತಿ ಸೂಚನೆ ಕೊಡುವುದು, ಈಗ ಹಾಯಲಾಗದ ಕಂದರವನ್ನು ಮೊದಲೇ ತೋರಿಸಿ ಹತ್ತು ಕೋಣೆಗಳಾಚೆ ಹಗ್ಗ ಕೊಡುವುದು, ಯಾರೂ ಮಾತಾಡದೆಯೇ ಒಡೆದ ಪೀಠ, ಸುಟ್ಟ ಹಾಸಿಗೆಗಳಿಂದ ಹಳೆಯ ಕತೆ ಹೇಳುವುದು ಇವೆಲ್ಲ ಮನುಷ್ಯನಿಲ್ಲದ ಜಾಗದಲ್ಲಿ ಹದಗೊಂಡ ಕಲೆಗಳು. ಮೇಜಿಗೆ ಮರಳಿ ಬಂದಾಗ ನಿಜವಾಗಿ ಬೆಲೆ ಬಂದದ್ದು ಇವಕ್ಕೇ. ಯಂತ್ರ ತನ್ನ ಅನುಕೂಲಕ್ಕೆ ಮಾಡಿಕೊಂಡ ಲೆಕ್ಕಾಚಾರವನ್ನು ಹಾಗೆಯೇ ಕಾಗದಕ್ಕೆ ಇಳಿಸಿದ ಪ್ರಯತ್ನಗಳು ಹೆಚ್ಚು ಕಾಲ ಬಾಳಲಿಲ್ಲ.

ಜಪಾನಿನಲ್ಲಿ ಕ್ರಮ ತಿರುವುಮುರುವಾಗಿತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಜಪಾನಿ ಭಾಷೆಗೆ ಬಂದದ್ದು 1985ರಲ್ಲಿ. ಮರುವರ್ಷವೇ ಡ್ರ್ಯಾಗನ್ ಕ್ವೆಸ್ಟ್ ಬಂತು. ಹೀಗಾಗಿ ಅಲ್ಲಿಯ ಬಹುಪಾಲು ಎಳೆಯರಿಗೆ ಈ ಬಗೆಯ ಸಾಹಸದ ಮೊದಲ ಪರಿಚಯ ಟಿವಿ ಪರದೆಯ ಮೇಲೇ ಆಯಿತು. 1986ರಲ್ಲಿ ‘ಕಾಂಪ್ಟಿಕ್’ ಎಂಬ ಕಂಪ್ಯೂಟರ್ ಪತ್ರಿಕೆ ಗ್ರೂಪ್ ಎಸ್‌ಎನ್‌ಇ ತಂಡದ ಒಂದು ಕ್ಯಾಂಪೇನ್‌ನ ಮಾತುಕತೆಯನ್ನು ಧಾರಾವಾಹಿಯಾಗಿ ಅಚ್ಚು ಹಾಕಿತು; ರ್‍ಯೋ ಮಿಜುನೋ ಅವರ ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಕಾದಂಬರಿಗಳು ಹುಟ್ಟಿದ್ದು ಅದರಿಂದ. ಅದೇ ತಂಡದ ‘ಸೋರ್ಡ್ ವರ್ಲ್ಡ್’ 1989ರಲ್ಲಿ ಅಗ್ಗದ ಜೇಬುಪುಸ್ತಕವಾಗಿ ಬಂತು. ಎಲ್ಲರ ಮನೆಯಲ್ಲೂ ಇರುವ ಆರು ಮುಖದ ಎರಡು ದಾಳ ಸಾಕಿತ್ತು.

ವಿಡಿಯೋ ಗೇಮ್‌ನ ಹೆಸರು ಹೊತ್ತ ಪುಸ್ತಕಗಳು ಅಮೆರಿಕದಲ್ಲಿ ತೊಂಬತ್ತರ ದಶಕದಿಂದ ಸಾಲುಗಟ್ಟಿದವು. ಅವುಗಳಲ್ಲಿ 1994ರಲ್ಲಿ ವೈಟ್ ವುಲ್ಫ್ ಪ್ರಕಟಿಸಿದ ‘ಸ್ಟ್ರೀಟ್ ಫೈಟರ್’ ಆಟ ಇಂದಿಗೂ ಗಮನಕ್ಕೆ ಅರ್ಹ. ಎರಡು ಗುಂಡಿಗಳನ್ನು ಯಾರು ಮೊದಲು ಒತ್ತಿದರು ಎಂಬುದರ ಮೇಲೆ ನಿಂತ ಕಾಳಗವನ್ನು ಮೇಜಿಗೆ ತರುವುದು ಹೇಗೆ? ಆ ಆಟದಲ್ಲಿ ಪ್ರತಿಯೊಂದು ಪಟ್ಟಿಗೂ ಒಂದು ಕಾರ್ಡ್. ಎಲ್ಲರೂ ತಮ್ಮ ಕಾರ್ಡನ್ನು ಗುಟ್ಟಾಗಿ ಆರಿಸುತ್ತಾರೆ. ನಿಧಾನದವರು ಮೊದಲು ತಮ್ಮ ಚಲನೆ ತೋರಿಸುತ್ತಾರೆ, ವೇಗದವರು ನಡುವೆ ನುಗ್ಗಿ ತಡೆಯಬಹುದು. ಬೆರಳಿನ ಚುರುಕನ್ನು ಎದುರಾಳಿಯ ಮನಸ್ಸು ಓದುವ ಚುರುಕಾಗಿ ಬದಲಿಸಿದ್ದು ಬಹಳ ಒಳ್ಳೆಯ ಪರಿಹಾರ. 2000ದಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ತಂದ ‘ಡಯಾಬ್ಲೋ’ ಪುಸ್ತಕಗಳು ಇದಕ್ಕೆ ವಿರುದ್ಧ ದಾರಿ ಹಿಡಿದವು. ಮೂಲ ಆಟದ ಸುಖವೆಂದರೆ ಸತ್ತ ಪ್ರತಿ ಶತ್ರುವಿನಿಂದ ಏನು ಉದುರೀತೋ ಎಂಬ ಕುತೂಹಲ. ಕಂಪ್ಯೂಟರ್ ಆ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಪುಸ್ತಕದಲ್ಲಿ ಅದೇ ಖಡ್ಗಕ್ಕೆ ದಾಳ ಹಾಕಿ, ಕೋಷ್ಟಕ ಹುಡುಕಿ, ಹಾಳೆ ತಿರುವಬೇಕಾಗಿತ್ತು. ಕುತೂಹಲ ಅಷ್ಟರಲ್ಲಿ ಆರಿಹೋಗುತ್ತಿತ್ತು. 2002ರ ‘ಎವರ್‌ಕ್ವೆಸ್ಟ್’, 2003ರ ‘ವಾರ್‌ಕ್ರಾಫ್ಟ್’ ಪುಸ್ತಕಗಳು ಆ ಕಾಲದ ಸಾಮಾನ್ಯ ನಿಯಮಾವಳಿಯ ಮೇಲೆ ಪರಿಚಿತ ಊರು, ಜನಾಂಗಗಳ ಹೆಸರು ಹೊದಿಸಿದವು.

ಎರವಲಿನ ಬಗ್ಗೆ ಅತ್ಯಂತ ದೊಡ್ಡ ಜಗಳ ನಡೆದದ್ದು 2008ರಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಾಲ್ಕನೆಯ ಆವೃತ್ತಿ ಬಂದಾಗ. ರಾಬ್ ಹೈನ್ಸೂ ಅದರ ಮುಖ್ಯ ವಿನ್ಯಾಸಕರು. ನಾಲ್ಕು ವರ್ಷ ಮುಂಚೆ ಬಂದಿದ್ದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಲಕ್ಷಾಂತರ ಆಟಗಾರರನ್ನು ಸೆಳೆದಿತ್ತು. ಹೊಸ ಆವೃತ್ತಿಯಲ್ಲಿ ಪ್ರತಿ ಪಾತ್ರಕ್ಕೂ ಕಾಳಗದಲ್ಲಿ ನಿಗದಿಯಾದ ಹೊಣೆ ಇತ್ತು: ಏಟು ತಡೆಯುವವರು, ಬಲವಾಗಿ ಹೊಡೆಯುವವರು, ಸಂಗಡಿಗರನ್ನು ಎತ್ತಿ ಹಿಡಿಯುವವರು, ರಣರಂಗವನ್ನು ಹತೋಟಿಯಲ್ಲಿಡುವವರು. ಕೆಲವು ಶಕ್ತಿಗಳನ್ನು ಬೇಕೆಂದಾಗ, ಕೆಲವನ್ನು ಕಾಳಗಕ್ಕೊಮ್ಮೆ, ಕೆಲವನ್ನು ದಿನಕ್ಕೊಮ್ಮೆ ಬಳಸಬಹುದಿತ್ತು. ಇದು ಕಾಗದದ ಮೇಲಿನ ವಿಡಿಯೋ ಗೇಮ್ ಎಂದು ಹಳೆಯ ಆಟಗಾರರು ಸಿಟ್ಟಾದರು. ಹಲವರು 2009ರ ‘ಪಾತ್‌ಫೈಂಡರ್’ ಎಂಬ ಆಟದ ಕಡೆಗೆ ಹೊರಟರು.

ಆ ಆರೋಪ ಅರ್ಧ ಮಾತ್ರ ನ್ಯಾಯದ್ದು. ಒಂದೇ ನಿಯಮವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಆನ್‌ಲೈನ್ ಆಟಗಳಲ್ಲಿ ರಾಕ್ಷಸ ಯಾರ ಮೇಲೆ ಎರಗಬೇಕು ಎಂಬುದನ್ನು ಒಳಗಿನ ಒಂದು ಎಣಿಕೆ ತೀರ್ಮಾನಿಸುತ್ತದೆ; ಕವಚಧಾರಿ ಯೋಧ ಅವನನ್ನು ಕೆಣಕಿ ತನ್ನತ್ತ ಎಳೆದುಕೊಂಡರೆ ರಾಕ್ಷಸನಿಗೆ ಬೇರೆ ದಾರಿಯಿಲ್ಲ. ಇದನ್ನೇ ಮೇಜಿಗೆ ತಂದಿದ್ದರೆ ಗೇಮ್ ಮಾಸ್ಟರ್ ಬರೀ ಗುಮಾಸ್ತರಾಗುತ್ತಿದ್ದರು. ನಾಲ್ಕನೆಯ ಆವೃತ್ತಿ ಹಾಗೆ ಮಾಡಲಿಲ್ಲ. ಯೋಧ ಶತ್ರುವನ್ನು ‘ಗುರುತು’ ಮಾಡುತ್ತಾನೆ. ಗುರುತಾದ ಶತ್ರು ಯೋಧನನ್ನು ಬಿಟ್ಟು ಬೇರೆಯವರ ಮೇಲೆ ಎರಗಿದರೆ ಅವನ ದಾಳದ ಅಂಕದಿಂದ 2 ಕಳೆಯುತ್ತಾರೆ, ಜೊತೆಗೆ ಪಕ್ಕದಲ್ಲೇ ನಿಂತ ಯೋಧನಿಂದ ಒಂದು ಏಟೂ ಬೀಳುತ್ತದೆ. ಎರಗಬೇಕೋ ಬೇಡವೋ ಎಂಬ ನಿರ್ಧಾರ ಮಾತ್ರ ಗೇಮ್ ಮಾಸ್ಟರ್‌ನದೇ. ಹಟಮಾರಿ ಓಗರ್ ಬೆಲೆ ತೆತ್ತಾದರೂ ಮಾಂತ್ರಿಕನ ಮೇಲೆ ಬೀಳಬಹುದು, ಪುಕ್ಕಲು ಗಾಬ್ಲಿನ್ ಹಿಂದೆ ಸರಿಯಬಹುದು. ಯಂತ್ರದ ಕಟ್ಟಳೆಯನ್ನು ಮನುಷ್ಯನ ಆಯ್ಕೆಯಾಗಿ ಮಾಡಿದ ಈ ನಿಯಮ ಎರವಲಿನ ಇಡೀ ಇತಿಹಾಸದಲ್ಲೇ ಅತಿ ಜಾಣತನದ್ದು ಎನ್ನಬೇಕು. ಒಂದೇ ಏಟಿಗೆ ಉರುಳುವ ‘ಮಿನಿಯನ್’ ಸೈನಿಕರು, ಅರ್ಧ ಜೀವಬಲ ಕಳೆದಾಗ ಬರುವ ‘ಬ್ಲಡೀಡ್’ ಸ್ಥಿತಿ ಇವೂ ಅದೇ ಆವೃತ್ತಿಯ ಕೊಡುಗೆ. ಬ್ಲಡೀಡ್ ಎಂದರೆ ಪರದೆಯ ಮೇಲಿನ ಕೆಂಪು ಪಟ್ಟಿಯನ್ನು ಮಾತಿನಲ್ಲಿ ಹೇಳುವ ಉಪಾಯ: ಶತ್ರು ತತ್ತರಿಸಿದ್ದಾನೆ ಎಂದು ಗೇಮ್ ಮಾಸ್ಟರ್ ಹೇಳಿದೊಡನೆ ಮೇಜಿನ ಸುತ್ತಲಿನ ಲೆಕ್ಕಾಚಾರವೇ ಬದಲಾಗುತ್ತದೆ. 2014ರ ಐದನೆಯ ಆವೃತ್ತಿ ಈ ಹೆಸರನ್ನು ಕೈಬಿಟ್ಟಿತು, 2024ರ ಪರಿಷ್ಕರಣೆ ಮತ್ತೆ ತಂದಿತು.

ನಕ್ಷೆಗಳ ವಿಷಯದಲ್ಲಿ ಜೆನೆಲ್ ಜಾಕ್ವೇಸ್ (1956–2024) ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1979ರಲ್ಲಿ ಜಡ್ಜಸ್ ಗಿಲ್ಡ್ ಪ್ರಕಟಿಸಿದ ಅವರ ‘ಕ್ಯಾವರ್ನ್ಸ್ ಆಫ್ ಥ್ರೇಸಿಯಾ’ ಸಾಹಸದಲ್ಲಿ ನೆಲಮಾಳಿಗೆಗೆ ಹಲವು ಪ್ರವೇಶಗಳು, ಸುತ್ತಿ ಬಂದು ಸೇರುವ ಹಾದಿಗಳು, ಮಹಡಿಯಿಂದ ಮಹಡಿಗೆ ಗುಪ್ತ ಇಳಿದಾರಿಗಳು ಇದ್ದವು. ಮುಂದೆ ಅವರು ಕೋಲೆಕೋ ಸಂಸ್ಥೆಯಲ್ಲಿ ವಿಡಿಯೋ ಗೇಮ್‌ಗಳಿಗೆ, ಆಮೇಲೆ ಇಡ್ ಸಾಫ್ಟ್‌ವೇರ್‌ನಲ್ಲಿ ‘ಕ್ವೇಕ್ 2’, ‘ಕ್ವೇಕ್ 3 ಅರೀನಾ’ ಆಟಗಳಿಗೆ ದುಡಿದರು. ‘ಡಾರ್ಕ್ ಸೋಲ್ಸ್’ (2011) ಆಡಿದ ಇಂದಿನ ಗೇಮ್ ಮಾಸ್ಟರ್‌ಗಳು ಅದರ ಹೆಣೆದುಕೊಂಡ ಹಾದಿಗಳನ್ನು ನೋಡಿ ತಮ್ಮ ನಕ್ಷೆ ಬಿಡಿಸುತ್ತಾರೆ. ಆ ಆಟದ ನಿರ್ದೇಶಕ ಹಿದೆಟಾಕಾ ಮಿಯಾಜಾಕಿ ಬಾಲ್ಯದಲ್ಲಿ ಪೂರ್ತಿ ಅರ್ಥವಾಗದ ಇಂಗ್ಲಿಷ್ ಸಾಹಸಪುಸ್ತಕಗಳನ್ನು ಓದಿ, ಬಿಟ್ಟುಹೋದದ್ದನ್ನು ಕಲ್ಪನೆಯಿಂದ ತುಂಬಿಕೊಂಡವರು. ತುಣುಕು ತುಣುಕಾಗಿ ಕತೆ ಹೇಳುವ ಅವರ ಶೈಲಿ ಈಗ ಮೇಜಿನ ಮೇಲೂ ಸಾಮಾನ್ಯ.

ಬಾಸ್ ಕಾಳಗದ ಕತೆ ಇನ್ನೂ ಸ್ವಾರಸ್ಯಕರ. ಐದು ಜನ ಸೇರಿ ಒಬ್ಬನನ್ನು ಹೊಡೆದರೆ ಅವನು ಎರಡು ಸುತ್ತಿನಲ್ಲಿ ಸಾಯುತ್ತಾನೆ, ಆರು ತಿಂಗಳಿಂದ ಕಾದ ಖಳನ ಅಂತ್ಯ ಸಪ್ಪೆಯಾಗುತ್ತದೆ. ಇದು ಗೇಮ್ ಮಾಸ್ಟರ್‌ಗಳ ಹಳೆಯ ಸಂಕಟ. ವಿಡಿಯೋ ಗೇಮ್‌ಗಳು ಇದಕ್ಕೆ ಹಂತಗಳ ಉತ್ತರ ಕಂಡುಕೊಂಡಿದ್ದವು: ಸೋತಂತೆ ಕಂಡ ಖಳ ಹೊಸ ರೂಪದಲ್ಲಿ ಏಳುತ್ತಾನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2020ರ ‘ಮಿಥಿಕ್ ಒಡಿಸೀಸ್ ಆಫ್ ಥೀರೋಸ್’ ಪುಸ್ತಕ ಇದನ್ನು ನಿಯಮವಾಗಿಸಿತು. ಅದರಲ್ಲಿ ಬರುವ ಅರಾಸ್ಟಾ ಎಂಬ ಜೇಡರಾಣಿಯ ಜೀವಬಲ ಸೊನ್ನೆಗೆ ಇಳಿದಾಗ ಅವಳು ಸಾಯುವುದಿಲ್ಲ. ಬಲ ಮರಳುತ್ತದೆ, ಅವಳ ಮರಿಜೇಡಗಳು ಮೈತುಂಬ ಹತ್ತಿ ಕವಚವಾಗುತ್ತವೆ, ಕಾಳಗದ ಎರಡನೆಯ ಅಂಕ ಶುರುವಾಗುತ್ತದೆ.

ಇದೇ ಅವಧಿಯಲ್ಲಿ ಸಣ್ಣ ಪ್ರಕಾಶಕರ ಆಟಗಳು ಇನ್ನಷ್ಟು ಧೈರ್ಯ ತೋರಿದವು. ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದಿ ಡಾರ್ಕ್’ (2017) ‘ಥೀಫ್’, ‘ಡಿಸ್‌ಆನರ್ಡ್’ ಎಂಬ ಕಳ್ಳತನದ ವಿಡಿಯೋ ಗೇಮ್‌ಗಳ ಋಣ ಹೊತ್ತ ಕೃತಿ. ಕಾವಲುಗಾರರ ಅನುಮಾನ ಎಷ್ಟು ಬೆಳೆದಿದೆ ಎಂಬುದನ್ನು ವಿಡಿಯೋ ಗೇಮ್ ಪರದೆಯ ಮೇಲೆ ತೋರಿಸುತ್ತದೆ. ಹಾರ್ಪರ್ ಕಾಗದದ ಮೇಲೊಂದು ವೃತ್ತ ಬರೆದು ನಾಲ್ಕೋ ಆರೋ ಎಂಟೋ ಪಾಲು ಮಾಡಿ, ತಪ್ಪಿನ ತೂಕಕ್ಕೆ ತಕ್ಕಷ್ಟು ಪಾಲು ಕಪ್ಪು ಮಾಡಲು ಹೇಳುತ್ತಾರೆ. ಈ ‘ಗಡಿಯಾರ’ದ ಮೂಲ 2010ರ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಿದೆ. ವೃತ್ತ ತುಂಬುತ್ತ ಬಂದಂತೆ ಮೇಜಿನ ಸುತ್ತ ದನಿಗಳು ತಗ್ಗುತ್ತವೆ. ಇಟಲಿಯ ಎಮಾನ್ಯುಯೆಲೆ ಗಲೆಟ್ಟೋ ಅವರ ‘ಫಾಬುಲಾ ಅಲ್ಟಿಮಾ’ ಜಪಾನಿ ವಿಡಿಯೋ ಗೇಮ್‌ಗಳ ಭಾವವನ್ನೇ ಮೇಜಿಗೆ ತರಲು ಹೊರಟದ್ದು. ಚೀಲದಲ್ಲಿ ಎಷ್ಟು ಔಷಧಿ ಇದೆ ಎಂದು ಯಾರೂ ಬರೆದಿಟ್ಟುಕೊಳ್ಳಬೇಕಿಲ್ಲ. ಅಂಕ ಖರ್ಚು ಮಾಡಿದರೆ ಬೇಕಾದ ಹೊತ್ತಿಗೆ ಬೇಕಾದ ಔಷಧಿ ಕೈಗೆ ಬರುತ್ತದೆ.

ಮೇಜಿಗೆ ಒಗ್ಗದೆ ಹೋದವೂ ಇವೆ. ಸತ್ತರೆ ಉಳಿಸಿಟ್ಟ ಜಾಗದಿಂದ ಮತ್ತೆ ಆಡುವ ಸೌಲಭ್ಯ ವಿಡಿಯೋ ಗೇಮ್‌ನಲ್ಲಿ ಕಲಿಕೆಯ ದಾರಿ. ಐವರು ಒಟ್ಟಿಗೆ ಕಟ್ಟಿದ ಕತೆಯಲ್ಲಿ ಅದು ಹಿಂದಿನ ಎರಡು ಗಂಟೆಯ ಮಾತನ್ನೇ ಅಳಿಸುತ್ತದೆ. ಒಂದೇ ಪರಿಹಾರವಿರುವ ಒಗಟು, ನಡುವೆ ತಡೆಯಲು ಬಿಡದ ಖಳನ ದೀರ್ಘ ಭಾಷಣ ಇವೂ ಹಾಗೆಯೇ.

ಎರಡೂ ಕಡೆಯ ಸಂಚಾರ ನಿಂತಿಲ್ಲ. 1997ರ ‘ಫಾಲೌಟ್’ ಆರಂಭದಲ್ಲಿ ‘ಗರ್ಪ್ಸ್’ ಎಂಬ ಮೇಜಿನ ನಿಯಮಾವಳಿಯನ್ನೇ ಬಳಸಬೇಕೆಂದಿತ್ತು. ಒಪ್ಪಂದ ಮುರಿದು ತನ್ನದೇ ಪದ್ಧತಿ ಮಾಡಿಕೊಂಡಿತು, 2021ರಲ್ಲಿ ಆ ಆಟ ಮೋಡಿಫಿಯಸ್ ಪ್ರಕಾಶನದ ಪುಸ್ತಕವಾಗಿ ಮೇಜಿಗೆ ಬಂತು. 1998ರ ‘ಬಾಲ್ಡರ್ಸ್ ಗೇಟ್’ನಲ್ಲಿ ಹ್ಯಾಮ್‌ಸ್ಟರ್ ಇಲಿಯೊಂದಿಗೆ ಮಾತಾಡುವ ಮಿನ್ಸ್ಕ್ ಎಂಬ ಯೋಧ ವಿನ್ಯಾಸಕ ಜೇಮ್ಸ್ ಓಲನ್ ನಡೆಸುತ್ತಿದ್ದ ಕ್ಯಾಂಪೇನ್‌ನಿಂದ ಬಂದವನು. 2021ರಲ್ಲಿ ಅವನ ಹೆಸರಿನದೇ ಒಂದು ಪುಸ್ತಕ ಗೇಮ್ ಮಾಸ್ಟರ್‌ಗಳಿಗಾಗಿ ಹೊರಬಂತು. ‘ಬಾಲ್ಡರ್ಸ್ ಗೇಟ್ 3’ (2023) ಐದನೆಯ ಆವೃತ್ತಿಯ ನಿಯಮಗಳ ಮೇಲೆ ನಿಂತಿದ್ದರೂ ಕೆಲವನ್ನು ತಿದ್ದಿಕೊಂಡಿತು. 2014ರ ಪುಸ್ತಕದ ಪ್ರಕಾರ ಗಾಯ ಮಾಯಿಸುವ ಔಷಧಿ ಕುಡಿಯಲು ಆ ಸರದಿಯ ಮುಖ್ಯ ಕ್ರಿಯೆಯೇ ಖರ್ಚಾಗಬೇಕಿತ್ತು. ವಿಡಿಯೋ ಗೇಮ್‌ನಲ್ಲಿ ಕಿರಿಯ ‘ಬೋನಸ್ ಆಕ್ಷನ್’ ಸಾಕು, ಕುಡಿದ ಮೇಲೂ ಖಡ್ಗ ಬೀಸಬಹುದು. 2024ರ ಹೊಸ ಆಟಗಾರರ ಕೈಪಿಡಿಯಲ್ಲೂ ನಿಯಮ ಹೀಗೇ ಇದೆ. ಅಷ್ಟೇ ಅಲ್ಲ, ಈ ತಿದ್ದುಪಡಿ ವಿಡಿಯೋ ಗೇಮ್ ಬರುವುದಕ್ಕೂ ಮುಂಚೆಯೇ ಎಷ್ಟೋ ಮನೆಗಳ ಮೇಜುಗಳಲ್ಲಿ ಗೇಮ್ ಮಾಸ್ಟರ್‌ಗಳ ಸ್ವಂತ ನಿಯಮವಾಗಿ ಚಾಲ್ತಿಯಲ್ಲಿತ್ತು.